ಪಂಚಾಂಗದಲ್ಲಿ ಬರೆದ ಗ್ರಹಣ, ಹೇಳದೆ ಬರುವ ದಿನ

2025ರ ಸೆಪ್ಟೆಂಬರ್ 7ರ ರಾತ್ರಿ ಹನ್ನೊಂದರ ಸುಮಾರಿಗೆ ಚಂದ್ರ ಇಡಿಯಾಗಿ ಭೂಮಿಯ ನೆರಳಿನೊಳಗೆ ಹೊಕ್ಕ. ನಮ್ಮ ತಾರಸಿಯ ಮೇಲೆ ಮೋಡ ಬಿಟ್ಟುಬಿಟ್ಟು ಕವಿಯುತ್ತಿತ್ತು. ಅದು ಸರಿದಾಗಲೆಲ್ಲ ಹಳೆಯ ತಾಮ್ರದ ಚೊಂಬಿನ ತಳದಂಥ ಬಣ್ಣವೊಂದು ಕಾಣುತ್ತಿತ್ತು. ಚಿಕ್ಕಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನೀರಿನ ಟ್ಯಾಂಕಿಗೆ ಒರಗಿ ನಿಂತಿದ್ದರು. ಬಹಳ ಹೊತ್ತು ನೋಡಿ, "ಯೋವೇಲ ಹೇಳಿದ ರಕ್ತದ ಚಂದ್ರ ಇದೇ ಏನಪ್ಪಾ?" ಎಂದು ಕೇಳಿದರು. ಯೋವೇಲ ಸತ್ಯವೇದದ, ಅಂದರೆ ಬೈಬಲಿನ, ಒಬ್ಬ ಪ್ರವಾದಿ. ಆ ವಾರ ಅವರ ಮೊಬೈಲಿಗೆ ಒಂದು ವಿಡಿಯೊ ಬಂದಿತ್ತು. ಇದೇ ತಿಂಗಳ 23 ಅಥವಾ 24ರಂದು ಕ್ರಿಸ್ತನು ಬಂದು ತನ್ನ ಸಭೆಯನ್ನು, ಅಂದರೆ ತನ್ನನ್ನು ನಂಬಿದವರನ್ನು, ಮೇಲಕ್ಕೆ ಎತ್ತಿಕೊಳ್ಳುತ್ತಾನೆ ಎಂದು ಅದರಲ್ಲಿತ್ತು. ಮೆಟ್ಟಿಲು ಇಳಿಯುವಾಗ ಅವರು ಮೆಲ್ಲಗೆ ಇನ್ನೊಂದು ಮಾತು ಕೇಳಿದರು: "ಅಕ್ಟೋಬರಿನಲ್ಲಿ ನನ್ನ ಠೇವಣಿಯ ಅವಧಿ ಮುಗಿಯುತ್ತದೆ. ಮತ್ತೆ ಇಡಬೇಕೋ, ಬೇಡವೋ?"

ನನಗೆ ನಗು ಬರಲಿಲ್ಲ. ಮೂವತ್ತು ವರ್ಷ ಸಂಡೆ ಸ್ಕೂಲಿನಲ್ಲಿ ಮಕ್ಕಳಿಗೆ ಪಾಠ ಹೇಳಿದವರು ಅವರು. ಸತ್ಯವೇದದ ಹಾಳೆಗಳ ಅಂಚು ಸವೆಯುವಷ್ಟು ಓದಿದವರು. ಅಂಥವರನ್ನೂ ಈ ಲೆಕ್ಕಾಚಾರಗಳು ಅಲ್ಲಾಡಿಸುತ್ತವೆ ಎಂದಾದರೆ ಅವು ಎಲ್ಲಿ ಹುಟ್ಟುತ್ತವೆ, ಎಲ್ಲಿ ದಾರಿ ತಪ್ಪುತ್ತವೆ ಎಂದು ಬಿಡಿಸಿ ನೋಡಲೇಬೇಕು. ವಿಜ್ಞಾನ ತಿಳಿಯದವರ ಭಯ ಎಂದು ತಳ್ಳಿಹಾಕಿದರೆ ಅವರಿಗೆ ಉತ್ತರ ಸಿಕ್ಕಂತಾಗುವುದಿಲ್ಲ. ಉತ್ತರ ಅವರ ಕೈಯಲ್ಲಿರುವ ಪುಸ್ತಕದಿಂದಲೇ ಬರಬೇಕು.

ಆ ತಾರೀಖನ್ನು ಹೇಳಿದವರು ದಕ್ಷಿಣ ಆಫ್ರಿಕಾದ ಒಬ್ಬ ಬೋಧಕರು. ಯೆಹೂದ್ಯರ ತುತೂರಿಗಳ ಹಬ್ಬ ಆ ವರ್ಷ ಸೆಪ್ಟೆಂಬರ್ 22ರ ಸಂಜೆ ಆರಂಭವಾಗುತ್ತಿತ್ತು. ಕಡೆಯ ತುತೂರಿ ಊದಿದಾಗ ಸತ್ತವರು ಎದ್ದುಬರುವರು ಎಂದು ಅಪೊಸ್ತಲನಾದ ಪೌಲ ಸತ್ಯವೇದದಲ್ಲಿ ಬರೆದಿದ್ದಾನಲ್ಲ, ಅದಕ್ಕೂ ಇದಕ್ಕೂ ಗಂಟು ಬಿತ್ತು. ಅದೇ ತಿಂಗಳು ಚಂದ್ರಗ್ರಹಣ, 21ರಂದು ನ್ಯೂಜಿಲೆಂಡಿನ ಕಡೆ ಪಾರ್ಶ್ವ ಸೂರ್ಯಗ್ರಹಣ. ಇಷ್ಟು ಸಾಕಾಯಿತು. ಟಿಕ್‌ಟಾಕಿನಲ್ಲಿ ಸುದ್ದಿ ಖಂಡಗಳನ್ನು ದಾಟಿತು. ಕೆಲಸ ಬಿಟ್ಟೆವು, ಕಾರು ಮಾರಿದೆವು ಎಂದು ಹೇಳಿಕೊಂಡವರೂ ಇದ್ದರು. 24 ಕಳೆಯಿತು. ತಾರೀಖು ಅಕ್ಟೋಬರಿಗೆ ಹೋಯಿತು. ಅದೂ ಕಳೆಯಿತು.

ಮೊದಲು ಪುಸ್ತಕದಲ್ಲಿ ಇರುವುದನ್ನು ಇರುವಂತೆಯೇ ಒಪ್ಪಿಕೊಳ್ಳೋಣ. ಆಕಾಶದ ಗುರುತುಗಳ ಮಾತು ಸತ್ಯವೇದದಲ್ಲಿ ಧಾರಾಳವಾಗಿದೆ. ಕರ್ತನ ದಿನ ಬರುವ ಮುಂಚೆ ಸೂರ್ಯ ಕತ್ತಲಾಗುವನು, ಚಂದ್ರ ರಕ್ತವಾಗುವನು ಎಂದು ಯೋವೇಲ ಎರಡನೆಯ ಅಧ್ಯಾಯದಲ್ಲಿ ಹೇಳುತ್ತಾನೆ. ಸೂರ್ಯ, ಚಂದ್ರ, ನಕ್ಷತ್ರಗಳಲ್ಲಿ ಸೂಚನೆಗಳು ತೋರುವವು ಎಂದು ಲೂಕನ ಸುವಾರ್ತೆಯ 21ನೆಯ ಅಧ್ಯಾಯದಲ್ಲಿ ಯೇಸುವೇ ಹೇಳುತ್ತಾನೆ. ಪ್ರಕಟನೆ ಗ್ರಂಥದ ಆರನೆಯ ಅಧ್ಯಾಯದಲ್ಲಿ ನಕ್ಷತ್ರಗಳು ಗಾಳಿಗೆ ಉದುರುವ ಅಂಜೂರದ ಕಾಯಿಗಳಂತೆ ಬೀಳುತ್ತವೆ. ಇವನ್ನೆಲ್ಲ ಕಂಡೂ ಕಾಣದಂತೆ ದಾಟಿಹೋಗುವ ಓದು ಪ್ರಾಮಾಣಿಕವಾದದ್ದಲ್ಲ.

ಆದರೆ ಪ್ರವಾದಿಗಳಿಗೆ ಒಂದು ನುಡಿಗಟ್ಟು ಇತ್ತು. ಯೆಶಾಯನ 13ನೆಯ ಅಧ್ಯಾಯದಲ್ಲಿ ನಕ್ಷತ್ರಗಳು ಬೆಳಗುವುದಿಲ್ಲ, ಸೂರ್ಯ ಹುಟ್ಟುವಾಗಲೇ ಕತ್ತಲು. ಅಲ್ಲಿ ಹೇಳುತ್ತಿರುವುದು ಬಾಬಿಲೋನಿನ ಪತನವನ್ನು. ಯೆಹೆಜ್ಕೇಲನ 32ನೆಯ ಅಧ್ಯಾಯದಲ್ಲಿಯೂ ಅದೇ ಕತ್ತಲು, ಅದು ಐಗುಪ್ತದ ಫರೋಹನಿಗೆ. ಸಾಮ್ರಾಜ್ಯವೊಂದು ಉರುಳುವಾಗ ಆ ಜನರ ಲೋಕ ಹೇಗೆ ಮುಳುಗುತ್ತದೆ ಎನ್ನುವುದನ್ನು ಅವರು ಹೀಗೆ ಹಾಡಿದರು. ಕನ್ನಡಿಗರಾದ ನಮಗೆ ಇದು ಕಷ್ಟವಾಗಬಾರದು. ದುಡಿಯುವ ಮಗನನ್ನು ಕಳೆದುಕೊಂಡ ತಾಯಿ "ಆಕಾಶವೇ ಕಳಚಿ ತಲೆಯ ಮೇಲೆ ಬಿತ್ತು" ಎಂದಾಗ ನಾವು ಅಂಗಳಕ್ಕೆ ಓಡಿಹೋಗಿ ಆಕಾಶದ ಚೂರುಗಳನ್ನು ಹುಡುಕುವುದಿಲ್ಲ. ಆ ಮಾತು ಸುಳ್ಳು ಎಂದೂ ಹೇಳುವುದಿಲ್ಲ.

ಪಂಚಾಶತ್ತಮ ಎಂಬ ಯೆಹೂದ್ಯರ ಹಬ್ಬದ ದಿನದಂದು ಯೇಸುವಿನ ಶಿಷ್ಯ ಪೇತ್ರ ಯೆರೂಸಲೇಮಿನ ಜನರ ಮುಂದೆ ನಿಂತು ಯೋವೇಲನ ಈ ಮಾತನ್ನೇ ಎತ್ತಿ, ಪ್ರವಾದಿ ಹೇಳಿದ್ದು ಈಗ ನೀವು ನೋಡುತ್ತಿರುವುದನ್ನೇ ಎಂದ. ರಕ್ತದ ಚಂದ್ರನ ಸಾಲೂ ಆ ಉಲ್ಲೇಖದ ಒಳಗೇ ಇದೆ. ಆ ಮಾತು ಮೊದಲ ಶತಮಾನದ ಆ ಬೆಳಗ್ಗೆಗೆ ಸಲ್ಲುತ್ತದೆ ಎಂದು ಪೇತ್ರನೇ ಹೇಳಿರುವಾಗ, ನಮ್ಮ ಕಾಲದ ಒಂದು ನಿರ್ದಿಷ್ಟ ಗ್ರಹಣಕ್ಕೆ ಅದನ್ನು ಮೀಸಲಿಡುವ ಅಧಿಕಾರ ಯಾರಿಗಿದೆ?

ಈಗ ಚಂದ್ರಗ್ರಹಣಗಳ ಲೆಕ್ಕಕ್ಕೆ ಬರೋಣ. ಈ ತಲೆಮಾರಿನ ಆಕಾಶಭಯಕ್ಕೆ ಮೊಳಕೆ ಒಡೆದದ್ದೇ ಇಲ್ಲಿ. 2014ರ ಏಪ್ರಿಲ್ 15, ಅಕ್ಟೋಬರ್ 8, 2015ರ ಏಪ್ರಿಲ್ 4, ಸೆಪ್ಟೆಂಬರ್ 28. ನಡುವೆ ಯಾವ ಪಾರ್ಶ್ವಗ್ರಹಣವೂ ಇಲ್ಲದೆ ಸಾಲಾಗಿ ನಾಲ್ಕು ಪೂರ್ಣ ಚಂದ್ರಗ್ರಹಣಗಳು; ಎರಡು ಯೆಹೂದ್ಯರ ಪಸ್ಕ ಹಬ್ಬಕ್ಕೆ, ಎರಡು ಅವರ ಪರ್ಣಶಾಲೆಗಳ ಹಬ್ಬಕ್ಕೆ. ಅಮೆರಿಕದ ಟೆಕ್ಸಾಸ್‌ನ ಜಾನ್ ಹೇಗಿ ಮುಂತಾದ ಬೋಧಕರು ಇದನ್ನು ದೇವರು ಆಕಾಶದಲ್ಲಿ ಬರೆದ ಎಚ್ಚರಿಕೆ ಎಂದರು. ಹಿಂದೆಯೂ ಹೀಗೆ ಹಬ್ಬಗಳ ಮೇಲೆ ನಾಲ್ಕು ಗ್ರಹಣಗಳು ಬಂದಾಗ ಯೆಹೂದ್ಯರ ಚರಿತ್ರೆ ಹೊರಳಿತ್ತು ಎಂದು ಮೂರು ಸಾಕ್ಷಿ ಕೊಟ್ಟರು: 1493-94, 1949-50, 1967-68.

ಕೇಳಿದ ಕೂಡಲೇ ಮೈ ಜುಮ್ಮೆನ್ನುತ್ತದೆ. ಸ್ವಲ್ಪ ನಿಧಾನಿಸಿ ನೋಡಿ. ಸ್ಪೇನಿನ ಅರಸರು ಯೆಹೂದ್ಯರನ್ನು ಹೊರಗಟ್ಟಿದ್ದು 1492ರಲ್ಲಿ. ಇಸ್ರೇಲ್ ದೇಶ ಸ್ಥಾಪನೆಯಾದದ್ದು 1948ರಲ್ಲಿ. ಎರಡೂ ಸಲ ಗ್ರಹಣ ಬಂದದ್ದು ಮರುವರ್ಷ. ಮನೆ ಸುಟ್ಟು ಬೂದಿಯಾದ ಮೇಲೆ ಬರುವ ಎಚ್ಚರಿಕೆಯನ್ನು ಎಚ್ಚರಿಕೆ ಎನ್ನಲಾಗದು. 1967ರ ಯುದ್ಧ ಮಾತ್ರ ಮೊದಲ ಗ್ರಹಣದ ನಂತರ ನಡೆಯಿತು. ಇನ್ನು 2014-15ರ ನಾಲ್ಕರಲ್ಲಿ ಮೊದಲ ಮೂರು ಯೆರೂಸಲೇಮಿನಲ್ಲಿ ನಿಂತವರ ಕಣ್ಣಿಗೆ ಬೀಳಲೇ ಇಲ್ಲ. ಯಾರಿಗಾಗಿ ಗುರುತು ಎಂದರೋ ಅವರಿಗೇ ಕಾಣದ ಗುರುತು ಅದು.

ಹಬ್ಬ ಮತ್ತು ಗ್ರಹಣ ಕೂಡಿ ಬರುವುದರಲ್ಲಿ ಗುಟ್ಟೇನೂ ಇಲ್ಲ. ಯೆಹೂದ್ಯರದು ಚಂದ್ರನನ್ನು ಹಿಡಿದು ನಡೆಯುವ ಪಂಚಾಂಗ. ಪಸ್ಕವೂ ಪರ್ಣಶಾಲೆಯೂ ತಿಂಗಳ 15ನೆಯ ದಿನ, ಅಂದರೆ ಹುಣ್ಣಿಮೆಯ ಹೊತ್ತಿಗೆ ಬರುತ್ತವೆ. ಚಂದ್ರಗ್ರಹಣ ಆಗುವುದೂ ಹುಣ್ಣಿಮೆಯಂದೇ. ಎರಡು ಹಬ್ಬಗಳ ನಡುವೆ ಸರಿಯಾಗಿ ಆರು ಚಾಂದ್ರಮಾಸ. ಗ್ರಹಣದ ಋತುವೂ ಹೆಚ್ಚು ಕಡಿಮೆ ಆರು ಮಾಸಕ್ಕೊಮ್ಮೆ ಮರಳುತ್ತದೆ. ಒಂದು ಸಲ ಪಸ್ಕಕ್ಕೆ ಬಿದ್ದ ಗ್ರಹಣದ ಮುಂದಿನದು ಪರ್ಣಶಾಲೆಯ ಹಬ್ಬಕ್ಕೆ ಬೀಳುವುದು ಸಹಜ. ನಮ್ಮಲ್ಲಿ 2018ರಲ್ಲಿಯೂ 2019ರಲ್ಲಿಯೂ ಗುರುಪೂರ್ಣಿಮೆಯ ರಾತ್ರಿಯೇ ಚಂದ್ರಗ್ರಹಣವಾಯಿತು. ಪೂಜೆಯ ಸಮಯ ಬದಲಾಯಿಸಿಕೊಂಡೆವು, ಅಷ್ಟೇ. ಇನ್ನು ನಾಲ್ಕು ಗ್ರಹಣಗಳ ಇಂಥ ಸಾಲು ಈ ಶತಮಾನವೊಂದರಲ್ಲೇ ಎಂಟು ಸಲ ಬರುತ್ತದೆ. 1600ರಿಂದ 1900ರ ನಡುವಿನ ಮುನ್ನೂರು ವರ್ಷಗಳಲ್ಲಿ ಒಂದು ಸಲವೂ ಬರಲಿಲ್ಲ. ಆ ಮುನ್ನೂರು ವರ್ಷಗಳಲ್ಲಿ ಲೋಕದಲ್ಲಿ ಯುದ್ಧ, ಬರ, ರಾಜ್ಯಗಳ ಪತನ ಕಡಿಮೆ ಇತ್ತೇ?

2017ರ ಸೆಪ್ಟೆಂಬರ್ 23ರಂದು ಇನ್ನೊಂದು ಅಲೆ ಎದ್ದಿತು. ಪ್ರಕಟನೆಯ 12ನೆಯ ಅಧ್ಯಾಯದಲ್ಲಿ ಸೂರ್ಯನನ್ನು ಧರಿಸಿಕೊಂಡ, ಕಾಲಡಿ ಚಂದ್ರನಿರುವ, ಹನ್ನೆರಡು ನಕ್ಷತ್ರಗಳ ಕಿರೀಟದ ಸ್ತ್ರೀಯೊಬ್ಬಳಿದ್ದಾಳೆ. ಕನ್ಯಾರಾಶಿಯಲ್ಲಿ ಸೂರ್ಯ, ಅದರ ಕಾಲಬಳಿ ಚಂದ್ರ, ಗುರು ಗ್ರಹ ಆಕೆಯ ಗರ್ಭದಲ್ಲಿ ಎಂದು ಚಿತ್ರ ಬಿಡಿಸಿ ತೋರಿಸಿದರು. ಕಿರೀಟಕ್ಕೆ ಸಿಂಹರಾಶಿಯ ಒಂಬತ್ತು ನಕ್ಷತ್ರ ಎಣಿಸಿ, ಉಳಿದ ಮೂರಕ್ಕೆ ಬುಧ, ಶುಕ್ರ, ಮಂಗಳರನ್ನು ಸೇರಿಸಿದರು. ಸಿಂಹರಾಶಿಯಲ್ಲಿ ಬರಿಗಣ್ಣಿಗೆ ಕಾಣುವ ನಕ್ಷತ್ರಗಳು ಒಂಬತ್ತಕ್ಕಿಂತ ಎಷ್ಟೋ ಹೆಚ್ಚು. ಒಂಬತ್ತು ಬೇಕಿತ್ತು, ಒಂಬತ್ತಕ್ಕೆ ನಿಲ್ಲಿಸಿದರು. ಅದಲ್ಲದೆ ಸೂರ್ಯ ಇರುವ ರಾಶಿ ಹಗಲಿನ ಬೆಳಕಿನಲ್ಲಿ ಮುಳುಗಿರುತ್ತದೆ, ಕಣ್ಣಿಗೆ ಕಾಣುವುದೇ ಇಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಮಾತ್ರ ಕಾಣುವ ಸೂಚನೆ ಅದು.

2024ರ ಏಪ್ರಿಲ್ 8ರ ಸೂರ್ಯಗ್ರಹಣದ ಹೊತ್ತಿಗೆ, ಪ್ರವಾದಿ ಯೋನನು ಎಚ್ಚರಿಸಿದ ಅಸ್ಸೀರಿಯದ ನಿನೆವೆ ಪಟ್ಟಣದ ಕಥೆ ಹಬ್ಬಿತು. ಅಮೆರಿಕದಲ್ಲಿ ನಿನೆವೆ ಎಂಬ ಹೆಸರಿನ ಏಳೆಂಟು ಊರುಗಳ ಮೇಲೆ ನೆರಳು ಹಾಯುತ್ತದೆ, ಇದು ಯೋನನ ಕಾಲದ ಎಚ್ಚರಿಕೆ ಎಂದರು. ನಕ್ಷೆ ಹಿಡಿದು ನೋಡಿದವರಿಗೆ ಪೂರ್ಣಗ್ರಹಣದ ಪಟ್ಟಿಯಲ್ಲಿ ಸಿಕ್ಕಿದ್ದು ಎರಡೇ ಊರು. ನನ್ನನ್ನು ತಟ್ಟಿದ್ದು ಬೇರೆ ಸಂಗತಿ. ಯೋನನ ಗ್ರಂಥದ ನಾಲ್ಕು ಅಧ್ಯಾಯಗಳಲ್ಲಿ ಎಲ್ಲಿಯೂ ಗ್ರಹಣವೇ ಇಲ್ಲ. ಕ್ರಿ.ಪೂ. 763ರಲ್ಲಿ ಅಸ್ಸೀರಿಯದವರು ದಾಖಲಿಸಿದ ಸೂರ್ಯಗ್ರಹಣವನ್ನು ಯೋನನ ಕಥೆಗೆ ಜೋಡಿಸಿದ್ದು ನಂತರದವರ ಊಹೆ. ಗ್ರಂಥದ ಪ್ರಕಾರ ನಿನೆವೆಯವರು ತಿರುಗಿಕೊಂಡದ್ದು ಬೀದಿಯಲ್ಲಿ ನಡೆದುಕೊಂಡು ಹೋದ ಒಬ್ಬ ಮನುಷ್ಯನ ಮಾತು ಕೇಳಿ. ಆಕಾಶದಿಂದ ಒಂದು ಸೂಚಕಕಾರ್ಯ ತೋರಿಸು ಎಂದು ಯೆಹೂದ್ಯರ ಒಂದು ಧರ್ಮಪಂಗಡದವರಾದ ಫರಿಸಾಯರು ಕೇಳಿದಾಗ ಯೇಸು, ಯೋನನ ಗುರುತೊಂದೇ ಹೊರತು ಬೇರೆ ಕೊಡುವುದಿಲ್ಲ ಎಂದು ಹೇಳಿ ಅವರನ್ನು ಬಿಟ್ಟು ಹೊರಟುಹೋದದ್ದು ಮತ್ತಾಯನ 16ನೆಯ ಅಧ್ಯಾಯದಲ್ಲಿದೆ. ಕೇಳಿದ್ದು ಆಕಾಶದ ಗುರುತನ್ನು. ಆತ ನಿರಾಕರಿಸಿದ್ದು ಅದನ್ನೇ.

ಭೂಮಿಯ ಮೇಲೆ ಎಲ್ಲೋ ಒಂದು ಕಡೆ ಸುಮಾರು ಒಂದೂವರೆ ವರ್ಷಕ್ಕೊಮ್ಮೆ ಪೂರ್ಣ ಸೂರ್ಯಗ್ರಹಣ ಆಗುತ್ತಲೇ ಇರುತ್ತದೆ. 1980ರ ಫೆಬ್ರವರಿ 16ರಂದು ಅಂಥ ನೆರಳು ಅಂಕೋಲಾದಿಂದ ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಹಾದುಹೋಗಿತ್ತು. ಅದರ ಗಳಿಗೆ, ವಿಗಳಿಗೆ ಬಹಳ ಮುಂಚೆಯೇ ಗೊತ್ತಿದ್ದುದರಿಂದಲೇ ಖಗೋಳ ವಿಜ್ಞಾನಿಗಳು ಅಲ್ಲಿಗೆ ಹೋಗಿ ದೂರದರ್ಶಕ ಹೂಡಿ ಕಾದಿದ್ದರು. ಒಂಟಿಕೊಪ್ಪಲು ಪಂಚಾಂಗ ತೆರೆದರೆ ವರ್ಷದ ಗ್ರಹಣಗಳ ಸ್ಪರ್ಶ, ಮೋಕ್ಷಗಳ ಕಾಲ ಸಿಕ್ಕುತ್ತದೆ. ಮುಂದಿನ ಹಲವು ನೂರು ವರ್ಷಗಳ ಗ್ರಹಣಪಟ್ಟಿ ಈಗಲೇ ಸಿದ್ಧವಿದೆ. ಆದರೆ ಕರ್ತನ ದಿನದ ಬಗ್ಗೆ ಪೌಲ ಕೊಟ್ಟ ಹೋಲಿಕೆ ರಾತ್ರಿಯಲ್ಲಿ ಬರುವ ಕಳ್ಳನದು. ಕಳ್ಳ ಯಾವ ಜಾವದಲ್ಲಿ ಬರುವನೆಂದು ಮನೆಯ ಯಜಮಾನನಿಗೆ ತಿಳಿದಿದ್ದರೆ ಅವನು ಎಚ್ಚರವಾಗಿರುತ್ತಿದ್ದ ಎಂದು ಯೇಸುವೂ ಹೇಳುತ್ತಾನೆ. ಆ ದಿನವನ್ನು ತಂದೆಯ ಹೊರತು ಯಾರೂ ಅರಿಯರು, ಮಗನೂ ಅರಿಯನು ಎಂಬ ಮಾತು ಮಾರ್ಕನ 13ನೆಯ ಅಧ್ಯಾಯದಲ್ಲಿದೆ. ಮಗನಿಗೇ ತಿಳಿಯದ್ದು ಎಂದು ಮಗನೇ ಹೇಳಿದ ದಿನ ಪಂಚಾಂಗದ ಒಂದು ಮನೆಯಲ್ಲಿ ಅಚ್ಚಾಗಿರಲು ಹೇಗೆ ಸಾಧ್ಯ? ಚಿಕ್ಕಮ್ಮನಿಗೆ ನಾನು ಹೇಳಿದ ಉತ್ತರದ ತಿರುಳು ಇದೇ.

ಅವರು ಸುಮ್ಮನೆ ಒಪ್ಪುವವರಲ್ಲ. "ಹಾಗಾದರೆ ಜ್ಞಾನಿಗಳು ಕಂಡ ನಕ್ಷತ್ರ?" ಎಂದು ಮರುಪ್ರಶ್ನೆ ಹಾಕಿದರು. ಒಳ್ಳೆಯ ಪ್ರಶ್ನೆ. ಯೇಸು ಹುಟ್ಟಿದಾಗ ಮೂಡಣ ದೇಶದ ಆ ಜ್ಞಾನಿಗಳನ್ನು ನಕ್ಷತ್ರ ನಿಜವಾಗಿಯೂ ಹೊರಡಿಸಿತು. ಆದರೆ ಅದನ್ನು ನಂಬಿ ಬಂದ ಅವರು ತಲುಪಿದ್ದು ಅರಸ ಹೆರೋದನ ಊರಾದ ಯೆರೂಸಲೇಮಿಗೆ. ಬೇತ್ಲೆಹೇಮ್ ಎಂಬ ಹೆಸರು ತಿಳಿದದ್ದು ಮೀಕನ ಗ್ರಂಥ ಬಿಚ್ಚಿ ಓದಿದ ಮೇಲೆಯೇ. ನಕ್ಷತ್ರವನ್ನು ಮಾತ್ರ ನೋಡುತ್ತ ಅರಮನೆಯ ಬಾಗಿಲು ತಟ್ಟಿದ್ದರ ಬೆಲೆಯನ್ನು ಹೆರೋದನು ಕೊಲ್ಲಿಸಿದ ಬೇತ್ಲೆಹೇಮಿನ ಹಸುಗೂಸುಗಳು ತೆತ್ತವು ಎಂಬುದನ್ನೂ ಮತ್ತಾಯ ಬರೆದಿಟ್ಟಿದ್ದಾನೆ.

ಸಭೆಯ ಹಿರಿಯರು ಆಕಾಶವನ್ನು ಅರಿಯದವರಾಗಿರಲಿಲ್ಲ. ಯೇಸು ಶಿಲುಬೆಯ ಮೇಲಿದ್ದಾಗ ಕವಿದ ಕತ್ತಲು ಗ್ರಹಣವೆಂದು ಯಾರೋ ಬರೆದಾಗ, ಮೂರನೆಯ ಶತಮಾನದ ಜೂಲಿಯಸ್ ಆಫ್ರಿಕಾನಸ್ ಅದನ್ನು ಒಪ್ಪಲಿಲ್ಲ. ಪಸ್ಕ ಹುಣ್ಣಿಮೆಗೆ ಬರುತ್ತದೆ, ಸೂರ್ಯಗ್ರಹಣ ಅಮಾವಾಸ್ಯೆಗೆ ಆಗುತ್ತದೆ ಎಂದು ನೇರವಾಗಿ ಹೇಳಿದ. 418ರ ಜುಲೈ 19ರಂದು ದೊಡ್ಡ ಸೂರ್ಯಗ್ರಹಣವಾಯಿತು. ಎಂಟು ವರ್ಷದ ಹಿಂದೆಯಷ್ಟೇ ರೋಮ್ ನಗರ ಕೊಳ್ಳೆ ಹೋಗಿತ್ತು, ಜನರ ಎದೆಯಲ್ಲಿ ನಡುಕ ಆರಿರಲಿಲ್ಲ. ಸಲೋನಾ ಪಟ್ಟಣದ ಬಿಷಪ್ ಹೆಸಿಕಿಯಸ್ ಅಂತ್ಯ ಸಮೀಪಿಸಿತೇ ಎಂದು ಉತ್ತರ ಆಫ್ರಿಕಾದ ಬಿಷಪ್ ಅಗಸ್ಟೀನರಿಗೆ ಕಾಗದ ಬರೆದರು. ಅಗಸ್ಟೀನರ ದೀರ್ಘ ಉತ್ತರ ಉಳಿದು ಬಂದಿದೆ. ಅದರಲ್ಲಿ ಮೂವರು ಸೇವಕರು. ಒಬ್ಬ, ಯಜಮಾನ ಬೇಗ ಬರುತ್ತಾನೆ, ಎಚ್ಚರವಾಗಿರೋಣ ಎನ್ನುತ್ತಾನೆ. ಇನ್ನೊಬ್ಬ, ತಡವಾಗಿ ಬರುತ್ತಾನೆ, ಆದರೂ ಎಚ್ಚರವಾಗಿರೋಣ ಎನ್ನುತ್ತಾನೆ. ಮೂರನೆಯವನು, ಯಾವಾಗ ಬರುತ್ತಾನೋ ನಾನು ಅರಿಯೆ, ಅದಕ್ಕೇ ಎಚ್ಚರವಾಗಿರೋಣ ಎನ್ನುತ್ತಾನೆ. ಮೂವರೂ ಯಜಮಾನನನ್ನು ಪ್ರೀತಿಸುವವರೇ. ಆದರೆ ಮೊದಲನೆಯವನ ಮಾತು ಹುಸಿಯಾದರೆ ಅವನನ್ನು ನಂಬಿದವರು, ಯಜಮಾನ ಬರುವುದೇ ಇಲ್ಲವೇನೋ ಎಂದು ಕುಸಿಯಬಹುದು. ಅಗಸ್ಟೀನರು ನಿಂತದ್ದು ಮೂರನೆಯವನ ಪಕ್ಕದಲ್ಲಿ.

ಮೊದಲನೆಯವನ ಮಾತು ಹುಸಿಯಾದಾಗ ಏನಾಗುತ್ತದೆ ಎನ್ನುವುದನ್ನು ಅಮೆರಿಕದ ಚರಿತ್ರೆ ತೋರಿಸಿದೆ. 1833ರ ನವೆಂಬರ್ 13ರ ಬೆಳಗಿನ ಜಾವ ಅಲ್ಲಿ ಗಂಟೆಗೆ ಹತ್ತಾರು ಸಾವಿರದಂತೆ ಉಲ್ಕೆಗಳು ಸುರಿದವು. ಅದು ಸುಮಾರು 33 ವರ್ಷಕ್ಕೊಮ್ಮೆ ಮರಳುವ ಒಂದು ಧೂಮಕೇತುವಿನ ಧೂಳು ಎಂದು ತಿಳಿದದ್ದು ಆಮೇಲೆ. ಅಂದು ಮಾತ್ರ ಜನ ಪ್ರಕಟನೆಯ ಅಂಜೂರದ ಕಾಯಿಗಳನ್ನು ನೆನೆದು ಬೀದಿಯಲ್ಲಿ ಮೊಣಕಾಲೂರಿದರು. ಅದೇ ಕಾಲದಲ್ಲಿ ವಿಲಿಯಂ ಮಿಲ್ಲರ್ ಎಂಬ ರೈತ ದಾನಿಯೇಲನ 2300 ದಿನಗಳನ್ನು ವರ್ಷಗಳೆಂದು ಎಣಿಸುತ್ತಿದ್ದ. ಕೊನೆಗೆ ಅವನ ಅನುಯಾಯಿಗಳು ಕ್ರಿಸ್ತನು ಬರುವ ದಿನ 1844ರ ಅಕ್ಟೋಬರ್ 22 ಎಂದು ಗೊತ್ತುಮಾಡಿದರು. ಹೊಲದ ಆಲೂಗಡ್ಡೆ ಕೀಳದೆ ಬಿಟ್ಟ ರೈತರಿದ್ದರು. ಮಧ್ಯರಾತ್ರಿ ದಾಟಿತು, ಬೆಳಕು ಹರಿಯುವ ತನಕ ಅತ್ತೆವು ಎಂದು ಅವರಲ್ಲಿ ಒಬ್ಬರು ಬರೆದಿಟ್ಟಿದ್ದಾರೆ. ಆ ದುಃಖದಿಂದ ಎದ್ದ ಒಂದು ಗುಂಪೇ 1863ರಲ್ಲಿ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯಾಯಿತು. ಬೆಂಗಳೂರಿನ ಲೌರಿ ಮೆಮೋರಿಯಲ್ ಶಾಲೆ, ಕಾಲೇಜುಗಳು ಅವರದೇ. 1780ರ ಕತ್ತಲ ದಿನವನ್ನೂ 1833ರ ಉಲ್ಕೆಗಳನ್ನೂ ಅವರ ಪರಂಪರೆ ಈಗಲೂ ಸೂಚನೆಗಳೆಂದೇ ಓದುತ್ತದೆ. ಆದರೆ ಕ್ರಿಸ್ತನ ಬರೋಣಕ್ಕೆ ತಾರೀಖು ಕಟ್ಟುವುದನ್ನು ಬಿಟ್ಟುಬಿಟ್ಟಿದೆ.

ಎಲ್ಲ ಕಡೆಯೂ ಹೀಗೆ ದುಃಖ ಹದವಾಗಲಿಲ್ಲ. 1992ರ ಅಕ್ಟೋಬರ್ 28ಕ್ಕೆ ಎತ್ತಲ್ಪಡುತ್ತೇವೆಂದು ದಕ್ಷಿಣ ಕೊರಿಯಾದಲ್ಲಿ ಸಾವಿರಾರು ಜನ ಮನೆ ಮಾರಿದರು, ಕೆಲಸ ಬಿಟ್ಟರು, ಹಣವನ್ನು ಸಭೆಗೆ ಒಪ್ಪಿಸಿದರು. ಆ ದಿನ ಬರುವ ಮುಂಚೆಯೇ ಅವರ ಬೋಧಕ ವಂಚನೆಯ ಮೊಕದ್ದಮೆಯಲ್ಲಿ ಬಂಧನವಾದ. ಅವನು ಕೊಂಡಿಟ್ಟಿದ್ದ ಬಾಂಡುಗಳ ಅವಧಿ ಮುಗಿಯುವುದು ಆ ತಾರೀಖು ಕಳೆದ ಮೇಲೆ ಎಂಬುದು ಆಗ ಬಯಲಾಯಿತು. ಚಿಕ್ಕಮ್ಮನ ಠೇವಣಿಯ ಪ್ರಶ್ನೆ ಕೇಳಿದಾಗ ನನಗೆ ಮೊದಲು ನೆನಪಾದದ್ದು ಈ ಬಾಂಡುಗಳು. ಹಾಗೆಂದು ತಾರೀಖು ಹೇಳುವವರೆಲ್ಲ ಮೋಸಗಾರರಲ್ಲ. 2011ರ ಮೇ 21 ಎಂದು ರೇಡಿಯೊದಲ್ಲಿ ಸಾರಿದ ಅಮೆರಿಕದ ಹೆರಾಲ್ಡ್ ಕ್ಯಾಂಪಿಂಗ್, ಮರುವರ್ಷ ತನ್ನ ಲೆಕ್ಕ ಪಾಪವಾಗಿತ್ತೆಂದು ಬರಹದಲ್ಲಿ ಒಪ್ಪಿಕೊಂಡರು. ತೊಂಬತ್ತರ ವಯಸ್ಸಿನಲ್ಲಿ ಹಾಗೆ ಒಪ್ಪಿಕೊಳ್ಳಲು ಎದೆಗಾರಿಕೆ ಬೇಕು. ಮಾರಿದ ಮನೆ ಮಾತ್ರ ಯಾರಿಗೂ ಹಿಂದಕ್ಕೆ ಬರಲಿಲ್ಲ.

ಸಭೆಗಳೆಲ್ಲ ಒಂದೇ ಧ್ವನಿಯಲ್ಲಿ ಮಾತನಾಡುವುದಿಲ್ಲ. ಕಥೋಲಿಕರೂ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಯಂಥ ಸಭೆಗಳೂ ಕ್ರಿಸ್ತನ ಮರುಬರವನ್ನು ಪ್ರತಿ ಆರಾಧನೆಯಲ್ಲಿ ಅರಿಕೆಮಾಡುತ್ತವೆ, ಆಗಮನ ಕಾಲದಲ್ಲಿ ಲೂಕನ ಆ ಮಾತುಗಳನ್ನೇ ಓದುತ್ತವೆ, ಆದರೆ ನಕ್ಷೆ ಬಿಡಿಸುವುದಿಲ್ಲ. ಮಹಾ ಸಂಕಟಕ್ಕೆ ಮುಂಚೆ ಸಭೆ ಎತ್ತಲ್ಪಡುವುದು ಎಂಬ ಬೋಧನೆ 1830ರ ದಶಕದಲ್ಲಿ ಜಾನ್ ನೆಲ್ಸನ್ ಡಾರ್ಬಿಯಿಂದ ರೂಪು ಪಡೆದು, 1909ರಲ್ಲಿ ಸ್ಕೋಫೀಲ್ಡ್ ಸತ್ಯವೇದಕ್ಕೆ ಬರೆದು ಪ್ರಕಟಿಸಿದ ಟಿಪ್ಪಣಿಗಳ ಮೂಲಕ ಹರಡಿ, ಬ್ರದರನ್ ಮತ್ತು ಪೆಂತೆಕೊಸ್ತ ಸಭೆಗಳ ಉಪದೇಶದ ಭಾಗವಾಯಿತು. ಆ ಸಭೆಗಳ ಅನೇಕ ಸಭಾಪಾಲಕರು ತಾರೀಖು ಹೇಳುವವರನ್ನು ಪೀಠದಿಂದಲೇ ಖಂಡಿಸುತ್ತಾರೆ, ಇದನ್ನು ಮರೆಯಬಾರದು. ಆದರೆ ಈ ಬೋಧನೆಯಲ್ಲಿ ಇಸ್ರೇಲ್ ದೇಶವೇ ದೇವರ ಗಡಿಯಾರದ ಮುಳ್ಳು. ಗ್ರಹಣಗಳನ್ನು ಯೆಹೂದ್ಯರ ಹಬ್ಬಗಳಿಗೆ ಗಂಟುಹಾಕುವ ಆತುರದ ಬೇರು ಅಲ್ಲಿದೆ. ಗಡಿಯಾರದ ಮುಳ್ಳನ್ನೇ ನೋಡುತ್ತ ಕೂತವರಿಗೆ ಅಲ್ಲಿನ ಮನುಷ್ಯರು ಕಾಣಿಸದೆ ಹೋಗುತ್ತಾರೆ. 2025ರ ಜುಲೈ 17ರಂದು ಗಾಜಾದ ಪವಿತ್ರ ಕುಟುಂಬ ದೇವಾಲಯಕ್ಕೆ ಇಸ್ರೇಲಿನ ಶೆಲ್ ಬಡಿದು ಮೂವರು ಸತ್ತರು. ಅದರ ಬಗ್ಗೆ ಚಿಕ್ಕಮ್ಮನ ಮೊಬೈಲಿಗೆ ಒಂದು ವಿಡಿಯೊವೂ ಬರಲಿಲ್ಲ.

ಕರ್ನಾಟಕದ ಕ್ರೈಸ್ತ ಚರಿತ್ರೆಯಲ್ಲಿಯೂ ಇಂಥದೊಂದು ತಾರೀಖು ಅಡಗಿದೆ. ಜರ್ಮನಿಯ ವ್ಯುರ್ಟೆಂಬರ್ಗ್ ನಾಡಿನ ದೊಡ್ಡ ವಿದ್ವಾಂಸ ಯೋಹಾನ್ ಆಲ್ಬ್ರೆಖ್ಟ್ ಬೆಂಗೆಲ್ ಹದಿನೆಂಟನೆಯ ಶತಮಾನದಲ್ಲಿ ಪ್ರಕಟನೆಯ ಸಂಖ್ಯೆಗಳನ್ನು ಕೂಡಿಸಿ ಕಳೆದು, 1836ರಲ್ಲಿ ಮಹಾ ಬದಲಾವಣೆ ಎಂದು ಬರೆದಿದ್ದ. ಆ ನಾಡಿನ ಭಕ್ತರಲ್ಲಿ ಅನೇಕರು ಆ ವರ್ಷಕ್ಕಾಗಿ ಕಾದಿದ್ದರು. ಬಾಸೆಲ್ ಮಿಷನ್ ಬೆಳೆದದ್ದು ಅಂಥ ಭಕ್ತರ ಕಾಣಿಕೆಯಿಂದ, ಅವರ ಮಕ್ಕಳಿಂದ. ಮಿಷನ್ನಿನ ಮೊದಲ ಮೂವರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. 1836ಕ್ಕೆ ಇನ್ನೆರಡೇ ವರ್ಷ. ಆ ವರ್ಷವೂ ಎಲ್ಲ ವರ್ಷಗಳಂತೆ ಮಳೆ ಸುರಿದು ಮುಗಿಯಿತು. ಬಂದವರು ಹಿಂದಿರುಗಲಿಲ್ಲ. ವ್ಯುರ್ಟೆಂಬರ್ಗಿನವನೇ ಆದ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ. 1865ರಲ್ಲಿ ಹಂಚಿನ ಕಾರ್ಖಾನೆ ಎದ್ದಿತು. ಅಂತ್ಯವನ್ನು ನಂಬಿದ ನೆಲದಿಂದ ಬಂದವರು ಕರಾವಳಿಯ ಮನೆಗಳಿಗೆ ತಲೆಮಾರುಗಟ್ಟಲೆ ಬಾಳುವ ಹಂಚು ಹೊದಿಸಿದರು.

ಚಿಕ್ಕಮ್ಮನಿಗೆ ನಾನು ಕೊನೆಗೆ ಹೇಳಿದ ಕಥೆ 1780ರ ಮೇ 19ರದು. ಅಂದು ಅಮೆರಿಕದ ನ್ಯೂ ಇಂಗ್ಲೆಂಡ್ ಪ್ರಾಂತದಲ್ಲಿ ನಡುಹಗಲೇ ಕತ್ತಲಾಯಿತು. ಕೋಳಿಗಳು ಗೂಡು ಸೇರಿದವು. ಕೆನಡಾದ ಕಾಡುಗಳ ಬೆಂಕಿಯ ಹೊಗೆ ಅದು ಎಂದು ಮರಗಳ ಸುಟ್ಟ ಉಂಗುರಗಳನ್ನು ಓದಿದವರು ಈಚೆಗೆ ಹೇಳಿದ್ದಾರೆ. ಅಂದು ಕನೆಕ್ಟಿಕಟ್‌ನ ಶಾಸನಸಭೆಯಲ್ಲಿ ಇದು ಪ್ರಳಯದ ದಿನ, ಸಭೆ ಮುಂದೂಡಿ ಎಂಬ ಕೂಗು ಎದ್ದಿತು. ಏಬ್ರಹಾಂ ಡ್ಯಾವನ್‌ಪೋರ್ಟ್ ಎಂಬ ಹಿರಿಯ ಸದಸ್ಯ ಎದ್ದು ನಿಂತು ಹೇಳಿದ: "ಇದು ನ್ಯಾಯತೀರ್ಪಿನ ದಿನವೋ, ಅಲ್ಲವೋ. ಅಲ್ಲವಾದರೆ ಮುಂದೂಡಲು ಕಾರಣವಿಲ್ಲ. ಹೌದಾದರೆ ನಾನು ನನ್ನ ಕೆಲಸದಲ್ಲಿರುವಾಗಲೇ ಸಿಕ್ಕಬೇಕೆಂದು ನನ್ನ ಆಸೆ. ಮೇಣದಬತ್ತಿಗಳನ್ನು ತರಿಸಿ."

ಚಿಕ್ಕಮ್ಮ ಏನೂ ಹೇಳದೆ ಕೇಳಿಸಿಕೊಂಡರು. ಅಕ್ಟೋಬರ್ ಎರಡನೆಯ ವಾರ ನನ್ನನ್ನು ಕರೆದುಕೊಂಡು ಬ್ಯಾಂಕಿಗೆ ಹೋಗಿ ಠೇವಣಿಯನ್ನು ಮತ್ತೆ ಮೂರು ವರ್ಷಕ್ಕೆ ಇಟ್ಟರು. ನಾಮನಿರ್ದೇಶನದ ಜಾಗದಲ್ಲಿ ಮೊಮ್ಮಗಳ ಹೆಸರು ಬರೆಸಿದರು. ಆ ರಾತ್ರಿಯೂ ಊಟವಾದ ಮೇಲೆ ಎಂದಿನಂತೆ ಸತ್ಯವೇದ ಓದಿ, ಪ್ರಕಟನೆಯ ಕೊನೆಯ ಪುಟದ ಮಾತಿನಿಂದಲೇ ಪ್ರಾರ್ಥನೆ ಮುಗಿಸಿದರು: "ಕರ್ತನಾದ ಯೇಸುವೇ, ಬಾ." ಆಮೇಲೆ ಎದ್ದು ಬೆಳಗಿನ ದೋಸೆಗೆ ಅಕ್ಕಿ ನೆನೆಹಾಕಲು ಹೋದರು.